ಸಾತವ್ವ ತಂದ ಕಾವಲು

ಮೊದಲು ಕಾಣೆಯಾದದ್ದು ಹಳದಿ ಅಂಚಿನ ಲಂಗೋಟಿ. ಶ್ರಾವಣದ ಜಿಟಿಜಿಟಿ ಮಳೆಗೆ ಟಿಳಕವಾಡಿಯ ಆ ಬಾಡಿಗೆ ಮನೆಯಲ್ಲಿ ಕೂಸಿನ ಬಟ್ಟೆ ಒಣಗುವುದೇ ಕಷ್ಟ. ಅಡುಗೆಮನೆಯ ಹಗ್ಗಕ್ಕೆ ಹರವಿ, ಒಲೆಯ ಬಿಸಿಗೆ ಒಣಗಿಸಿ ಮಡಚಿಟ್ಟದ್ದು ಎಲ್ಲಿ ಹೋದೀತು? ಪ್ರಮಿಳಾ ತೊಟ್ಟಿಲ ಕೆಳಗೆ ಬಗ್ಗಿ ನೋಡಿದಳು. ಆಮೇಲೆ ಪಡಸಾಲೆಯಲ್ಲಿ ಗೋಣಿಚೀಲದ ಮೇಲೆ ಮಲಗಿದ್ದ ನಾಯಿಯನ್ನು ನೋಡಿದಳು. ಅದೂ ಒಂದು ಕಣ್ಣು ತೆರೆದು ಅವಳನ್ನು ನೋಡಿತು.

"ನೀನಽ ಏನೋ, ಕಳ್ಳ?"

ವಾಗ್ಯಾ ಬಾಲ ಆಡಿಸಿತು. ಕಳ್ಳರೂ ಬಾಲವಿದ್ದರೆ ಹಾಗೇ ಆಡಿಸುತ್ತಾರೆ ಎಂದುಕೊಂಡಳು ಪ್ರಮಿಳಾ.

ಅದನ್ನು ಮರಿಯಾಗಿದ್ದಾಗ ತಂದವಳು ಅತ್ತೆ ಸಾತವ್ವ. ಬೇಸಿಗೆಯಲ್ಲಿ ಖಾನಾಪುರದ ಕಡೆ ತಮ್ಮ ಕರೆಪ್ಪನ ಕುರಿಹಟ್ಟಿಗೆ ಹೋದವಳು ಬುಟ್ಟಿಗೆ ಸೀರೆಯ ಸೆರಗು ಮುಚ್ಚಿ, ಟಿಕೆಟ್ ತಪಾಸಣೆಯವನ ಕಣ್ಣು ತಪ್ಪಿಸಿ ರೈಲಿನಲ್ಲಿ ತಂದಿದ್ದಳು. ಸಾತವ್ವ ಹುಟ್ಟಿದ್ದು, ಬೆಳೆದದ್ದು, ಬಾಳುವೆ ಮಾಡಿದ್ದು ಎಲ್ಲ ಕುರಿಗಳ ನಡುವೆ. ಗಂಡ ತೀರಿಕೊಂಡ ಮೇಲೆ ಹಿಂಡನ್ನು ತಮ್ಮನಿಗೆ ಒಪ್ಪಿಸಿ, ಮಗ ಸೋಮಲಿಂಗನನ್ನು ಓದಿಸಿದಳು. ಅವನೀಗ ಭೂಮಾಪನದ ನೌಕರ. ಕಣಕುಂಬಿಯ ಕಾಡಿನತ್ತ ಅಳತೆಗೆ ಹೋದರೆ ವಾರಗಟ್ಟಲೆ ಮನೆಯಿಲ್ಲ. ಸಾತವ್ವನ ಮನಸ್ಸು ಮಾತ್ರ ಇನ್ನೂ ಹಟ್ಟಿಯಲ್ಲೇ ಇತ್ತು. ಹಾಲಿನವನ ತಂಬಿಗೆಗೆ ಬೆರಳದ್ದಿ ನೋಡುವಳು, ಮೀಟರ್ ಓದುವವನ ಬೆನ್ನಿಗೇ ನಿಲ್ಲುವಳು, ಹೊಸ್ತಿಲಿಗೆ ಅಡ್ಡಲಾಗಿ ಮಲಗುವಳು.

"ಗಂಡಸಿಲ್ಲದ ಮನಿ, ಮೊಲಿ ಕುಡಿಯೂ ಕೂಸು. ಕಾವಲಿಲ್ಲದ ಹೆಂಗ ಇರೂದು?" ಎಂದಿದ್ದಳು.

ಪ್ರಮಿಳಾ ಅನುಮಾನದಿಂದಲೇ ಒಪ್ಪಿದ್ದಳು. "ಇರ್ಲಿ ಬಿಡ್ರಿ ಅತ್ತಿ. ಆದ್ರ ತೊಟ್ಲ ಮುಂದ ಒಮ್ಮೆ ಹಲ್ಲು ತೋರಿಸ್ತಂದ್ರ ಅವತ್ತಽ ಖಾನಾಪುರಕ್ಕ ವಾಪಸ್. ಆಮ್ಯಾಲ ನೀವು ಮಾತಾಡಂಗಿಲ್ಲ."

"ಆತು," ಎಂದಿದ್ದಳು ಸಾತವ್ವ, ಮುಖ ತಿರುಗಿಸಿ.

ಒಪ್ಪಿದ ಮೇಲೆ ಪ್ರಮಿಳಾ ಕೆಲಸವನ್ನು ಅರ್ಧಕ್ಕೆ ಬಿಡುವವಳಲ್ಲ. ಹಿಂಡಲಗಾ ರಸ್ತೆಯಲ್ಲಿದ್ದ ಪಶುವೈದ್ಯೆ ಅನುರಾಧಾ ಅವರಲ್ಲಿಗೆ ಒಯ್ದು ಹುಚ್ಚುನಾಯಿ ರೋಗದ ಲಸಿಕೆ ಹಾಕಿಸಿದಳು, ಜಂತಿನ ಔಷಧ ಕುಡಿಸಿದಳು. ಸಾತವ್ವ ಸೂಜಿಯನ್ನೇ ಗುಮಾನಿಯಿಂದ ನೋಡುತ್ತ ನಿಂತಿದ್ದಳು.

"ಉಂಡ ಕೂಡಲೆ, ಎದ್ದ ಕೂಡಲೆ ಹೊರಗ ಕರಕೊಂಡು ಹೋಗ್ರಿ," ಎಂದರು ಅನುರಾಧಾ. "ಹೊರಗ ಮಾಡಿದ್ರ ಅಲ್ಲೇ ನಿಂತು ಶಾಬಾಸ್ ಅನ್ರಿ. ಒಳಗ ಮಾಡಿದ್ರ ಬಡೀಬ್ಯಾಡ್ರಿ, ಬಡದ್ರ ಮೂಲ್ಯಾಗ ಅಡಗಿ ಮಾಡೂದು ಕಲೀತದ. ಉಳ್ಳಾಗಡ್ಡಿ ಹಾಕಬ್ಯಾಡ್ರಿ. ಅದು ಉಣ್ಣೂವಾಗ ಯಾರೂ ಕೈ ಹಚ್ಚಬ್ಯಾಡ್ರಿ. ಮತ್ತ, ಎಷ್ಟಽ ಚಲೋ ನಾಯಿ ಇರ್ಲಿ, ಕೂಸಿನ ಜೋಡಿ ಅದನ್ನೊಂದಽ ಬಿಟ್ಟು ಹೋಗಬ್ಯಾಡ್ರಿ."

ಮನೆಯಲ್ಲಿ ಪ್ರಮಿಳಾ ರೊಟ್ಟಿಯ ಚೂರನ್ನು ಅದರ ಮೂಗಿನ ಮೇಲೆ ಹಿಡಿದು ಮೆಲ್ಲಗೆ ಹಿಂದಕ್ಕೆ ಒಯ್ಯುವಳು. ಮರಿಯ ಕತ್ತು ಮೇಲಾದಂತೆ ಕುಂಡಿ ತಾನಾಗಿ ನೆಲಕ್ಕೆ ಊರುವುದು. "ಕುಂದ್ರು" ಎಂದು ಚೂರು ಕೊಡುವಳು. ಸಾತವ್ವನಿಗೆ ಆ ಒಂದು ಶಬ್ದ ಸಾಲದು. "ಕುಂದ್ರು, ಬಿದ್ದಿರು, ಎಲ್ಲಿ ಹೊಂಟಿ ಸುಡುಗಾಡ!" ಎಂದು ಒಂದೇ ಉಸಿರಿಗೆ ಅಂದರೆ ಮರಿ ಇಬ್ಬರ ಮುಖವನ್ನೂ ನೋಡುತ್ತ ನಿಲ್ಲುವುದು.

"ಅತ್ತಿ, ಅದಕ್ಕ ಒಂದಽ ಮಾತು ಹೇಳ್ರಿ."

"ಕುರಿ ಕಾಯೂ ನಾಯಿಗೆ ನಾವೇನು ಸಾಲಿ ಕಲಿಸಿದ್ವೇನ?"

ಹಳದಿ ಅಂಚಿನದರ ಹಿಂದೆಯೇ ಇನ್ನೆರಡು ಬಟ್ಟೆ ಹೋದವು. ಪಕ್ಕದ ಮನೆಯ ಶಿವಬಸವ್ವ ಕಾಂಪೌಂಡ್ ಗೋಡೆಗೆ ಒರಗಿ ದನಿ ತಗ್ಗಿಸಿದಳು. "ನಾಯಿ ಒಯ್ದಿದ್ರ ಹರದು ಚಿಂದಿ ಬಿದ್ದಿರ್ತಿತ್ತಲ್ಲ ಪ್ರಮಿಳಾ. ಇದು ಮನಷ್ಯಾರ ಕೈಕೆಲಸ. ಕೂಸಿನ ಅರಿವಿ ಯಾಕ ಒಯ್ತಾರಂತ ನಾ ಬ್ಯಾರೆ ಹೇಳ್ಬೇಕೇನ?"

"ಏನರೆ ಹೇಳ್ತೀರಿ ನೀವು," ಎಂದು ಪ್ರಮಿಳಾ ನಕ್ಕಳು. ಆದರೆ ಅಂದಿನಿಂದ ಅವಳ ಕಣ್ಣು ಸಾತವ್ವನ ಹಿಂದೆಯೇ ತಿರುಗತೊಡಗಿತು. ಮುದುಕಿ ಸೆರಗಿನೊಳಗೆ ಏನನ್ನೋ ಬಚ್ಚಿಟ್ಟುಕೊಂಡು ನಾಯಿಯ ಬಳಿ ಹೋಗುತ್ತಾಳೆ, ಅದರ ಕಿವಿಯಲ್ಲಿ ಪಿಸುಗುಡುತ್ತಾಳೆ, ಸೊಸೆಯನ್ನು ಕಂಡರೆ ಗಪ್ಪಾಗುತ್ತಾಳೆ.

"ಏನ ಮಾತಾಡಾಕತ್ತಿದ್ರಿ?"

"ನಾಯಿ ಕೂಡ ಏನ ಮಾತಾಡ್ಲಿ? ಮಳಿ ನಿಂತೀತಂತ ಅಂದೆ."

ಮಳೆ ಧೋ ಎಂದು ಸುರಿಯುತ್ತಿತ್ತು.

ಒಂದು ಮಧ್ಯಾಹ್ನ ಪ್ರಮಿಳಾ ಕಾಯಿಪಲ್ಲೆ ತರಲು ಹೋದಳು. ಕೂಸು ಆಕಾಶ ತೊಟ್ಟಿಲಲ್ಲಿ ನಿದ್ದೆ ಮಾಡುತ್ತಿದ್ದ, ಸಾತವ್ವ ಪಕ್ಕದಲ್ಲೇ ಕುಳಿತಿದ್ದಳು. ಪ್ಲಾಸ್ಟಿಕ್ ಕೊಪ್ಪೆಯನ್ನು ತಲೆಯಿಂದ ಮೊಣಕಾಲವರೆಗೆ ಹೊದ್ದು ಪ್ರಮಿಳಾ ಮರಳಿ ಬಂದಾಗ ಸಾತವ್ವ ಅಲ್ಲಿರಲಿಲ್ಲ. ಹಿತ್ತಲಲ್ಲಿ ನೀರಿನ ಕೊಡದ ಸದ್ದಾಗುತ್ತಿತ್ತು. ಕೂಸಿನ ಮುಖ ನೋಡೋಣವೆಂದು ತೊಟ್ಟಿಲಿಗೆ ಬಗ್ಗಬೇಕು, ಅಷ್ಟರಲ್ಲಿ ವಾಗ್ಯಾ ನಡುವೆ ಬಂದು ನಿಂತಿತು. ಬೆನ್ನ ಕೂದಲು ನಿಮಿರಿತ್ತು. ತುಟಿ ಮೇಲೆದ್ದು ಹಲ್ಲು ಕಾಣುತ್ತಿದ್ದವು. ಗಂಟಲಿನಿಂದ ಹೊರಟದ್ದು ಮರಿಯ ದನಿಯಲ್ಲ.

ಹೆತ್ತವಳನ್ನೇ ತನ್ನ ಕೂಸಿನ ಹತ್ತಿರ ಬಿಡುತ್ತಿರಲಿಲ್ಲ ಅದು.

"ಕುಂದ್ರು," ಎಂದಳು. ನಾಯಿ ಕದಲಲಿಲ್ಲ. ಕೈ ಬೀಸದೆ, ಓಡದೆ, ಕೊಪ್ಪೆಯನ್ನು ನಿಧಾನವಾಗಿ ತಲೆಯಿಂದ ಜಾರಿಸಿದಳು. "ವಾಗ್ಯಾ, ಕುಂದ್ರು." ಅದು ಗಾಳಿ ಮೂಸಿತು. ಕಿವಿ ಹಿಂದೆ ಬಿದ್ದವು. ಕೂತಿತು. ಬಾಲ ನೆಲ ಗುಡಿಸಿತು.

ಪ್ರಮಿಳಾ ಕೂಸನ್ನು ಎತ್ತಿ ಎದೆಗೊತ್ತಿಕೊಂಡಳು. ಇವತ್ತೇ ಖಾನಾಪುರ ಎಂದುಕೊಂಡು ಅದರ ಗೋಣಿಚೀಲವನ್ನು ಒಂದೇ ಕೈಯಲ್ಲಿ ಎಳೆದಳು. ಕೆಳಗೆ ಮೂರೂ ಬಟ್ಟೆ ಇದ್ದವು. ಹರಿದಿರಲಿಲ್ಲ, ಒಪ್ಪವಾಗಿ ಹಾಸಿದ್ದರು.

"ಅತ್ತಿ!"

ಸಾತವ್ವ ಕೊಡ ಹೊತ್ತು ಬಂದಳು. ಚೀಲ ನೋಡಿದಳು, ಸೊಸೆಯ ಮುಖ ನೋಡಿದಳು, ಕೊಡ ಇಳಿಸಿದಳು.

"ನಾನಽ ಇಟ್ಟೇನಿ."

"ಯಾಕ್ರಿ? ಮಾಟ ಮಾಡಾಕೇನ?"

"ಥೂ, ಬಾಯಿ ತೊಳಕೊ! ಹಟ್ಟ್ಯಾಗ ನಾಯಿಮರೀನ ಕುರಿಮರಿ ನಡುವಽ ಮಲಗಸ್ತೀವಿ. ಅವುಗಳ ವಾಸ್ನಿ ಮೂಗಿನಾಗ ಕುಂತ್ರ ಇವು ನನ್ನವು ಅಂತ ತಿಳಕೊಂಡು ತೋಳಕ್ಕೂ ಎದೆ ಕೊಡತೈತಿ. ಅರಿವಿ ಒಗದ್ರೂ ಕೂಸಿನ ವಾಸ್ನಿ ಹೋಗಂಗಿಲ್ಲ, ಇದಕ್ಕ ಆಕಾಶನ ವಾಸ್ನಿ ಹತ್ಲಿ ಅಂತ ಹಾಸಿದ್ಯಾ. ಇವ ನಿನ್ನ ಮರಿ, ನೀ ಕಾಯಿ ಅಂತ ದಿನಾ ಹೇಳಿದ್ಯಾ."

"ಅದು ಕಾದದ್ದು ನನ್ನಿಂದ್ರಿ ಅತ್ತಿ! ಈಗ ತೊಟ್ಲ ಮುಂದ ನನಗಽ ಹಲ್ಲು ತೋರಿಸ್ತು. ಹಟ್ಟಿಗೆ ತೋಳ ಬರ್ತಾವ. ಇಲ್ಲಿ ತೊಟ್ಲ ಹತ್ರ ನಾ ಬರ್ತೇನಿ, ಅವರು ಬರ್ತಾರ, ಶಿವಬಸವ್ವ ಬರ್ತಾರ. ಯಾರನ್ನಂತ ಕಡೀಬೇಕದು?"

ಸಾತವ್ವ ಒಳಗೆ ಹೋಗಿ ಅದನ್ನು ತಂದಿದ್ದ ಹಳೆಯ ಬುಟ್ಟಿಯನ್ನು ತಂದಿಟ್ಟಳು. ಕೊಟ್ಟ ಮಾತು ಅದು. ವಾಗ್ಯಾ ಆಟವೆಂದು ತಿಳಿದು ಬುಟ್ಟಿಯೊಳಗೆ ತಲೆ ಹಾಕಿತು. ಬೆಳೆದ ಮೈ ಈಗ ಭುಜದವರೆಗೂ ಅದರಲ್ಲಿ ಹಿಡಿಯಲಿಲ್ಲ. ಮುದುಕಿ ಸೆರಗಿನಿಂದ ಮೂಗು ಒರೆಸಿಕೊಂಡಳು.

ಪ್ರಮಿಳಾ ಅದನ್ನೇ ನೋಡಿದಳು. ನಾಯಿ ಇಬ್ಬರೂ ಹೇಳಿಕೊಟ್ಟದ್ದನ್ನೇ ಮಾಡಿತ್ತು, ಅತ್ತೆ ಹೇಳಿದಂತೆ ಕಾದಿತ್ತು, ತಾನು ಹೇಳಿದಂತೆ ಕೂತಿತ್ತು.

"ಬುಟ್ಟಿ ಒಳಗಿಡ್ರಿ," ಎಂದಳು. "ಆದ್ರ ಇನ್ನ ಇದಕ್ಕ ಕಲಸಾಕಿ ನಾ ಒಬ್ಬಾಕಿನಽ."

ಮರುದಿನ ಅನುರಾಧಾ ಅವರನ್ನು ಕೇಳಿಕೊಂಡು ಬಂದಳು. ಬಟ್ಟೆಗಳು ಬಿಸಿನೀರಿಗೆ ಬಿದ್ದವು. ನಾಯಿಯ ಚೀಲ ಹೊರಗಿನ ಕಟ್ಟೆಗೆ ಹೋಯಿತು. ತೊಟ್ಟಿಲ ಕೋಣೆಯ ಬಾಗಿಲಿಗೆ ಅಡ್ಡ ಹಲಗೆ ಬಂತು. ಯಾರೇ ಒಳಗೆ ಹೋಗಲಿ, ಹಲಗೆಯ ಹೊರಗೆ ನಿಂತ ನಾಯಿಗೆ ಮೊದಲು "ಕುಂದ್ರು" ಎಂದು ರೊಟ್ಟಿ ಚೂರು ಕೊಡಬೇಕು. ತೊಟ್ಟಿಲ ಹತ್ತಿರ ಮಂದಿ ಬಂದರೆ ತನಗೆ ಒಳ್ಳೆಯದೇ ಆಗುತ್ತದೆ ಎಂದು ಅದಕ್ಕೆ ತಿಳಿಯಬೇಕು. ಸಾತವ್ವನಿಗೂ ಅದೇ ಕಟ್ಟಳೆ.

"ನಾಯಿಗೆ ಕಲಸಾಕಿ ನನಗೂ ಕಲಸಾಕತ್ತಾಳ," ಎಂದು ಶಿವಬಸವ್ವನ ಮುಂದೆ ಗೊಣಗುತ್ತಾಳೆ. ಆದರೆ ಸೀರೆ ಎತ್ತಿ ಹಲಗೆ ದಾಟುವ ಮುಂಚೆ ಚೂರು ಹಿಡಿದು ಒಂದೇ ಮಾತು ಅನ್ನುತ್ತಾಳೆ.

ಪ್ರತಿ ಸಂಜೆ ಪ್ರಮಿಳಾ ಗೋಣಿಚೀಲ ಎತ್ತಿ ನೋಡುತ್ತಾಳೆ.

"ಏನ ಹುಡಕಾಕತ್ತಿ?" ಎನ್ನುತ್ತಾಳೆ ಸಾತವ್ವ.

"ಏನಿಲ್ರಿ ಅತ್ತಿ. ಉಣ್ಣಿ ಅದಾವೇನಂತ ನೋಡಿದೆ."