ಅಂಟಿಸಿದ ಗಡ್ಡವನ್ನು ನಂಬದವರು

ಕಾದಂಬರಿಯ ಗೂಢಚಾರ, ವಿಮಾನದಿಂದ ಕೊಡೆ ಬಿಚ್ಚಿಕೊಂಡು ಹಾರಿ ಗದ್ದೆಯಲ್ಲಿ ಇಳಿದದ್ದನ್ನು ನಮ್ಮ ಮನೆಯ ಹೆಂಗಸರು ನಂಬಿದರು. ಅವನ ಉಂಗುರದಿಂದ ಹೊಗೆ ಬಂದು ಒಂದು ಪಹರೆಯ ಪಡೆಯೇ ಮೂರ್ಛೆ ಹೋದದ್ದನ್ನೂ ನಂಬಿದರು. "ಇರಬಹುದಮ್ಮ, ಸರ್ಕಾರದೋರು ಅಂಥೋರಿಗೆ ಏನೇನೋ ಕೊಟ್ಟಿರ್ತಾರೆ" ಎಂದಳು ಅಜ್ಜಿ. ಆದರೆ ಅವನು ಗಡ್ಡ ಅಂಟಿಸಿಕೊಂಡು ತನ್ನ ಮನೆಗೇ ಅಡುಗೆಯವನಾಗಿ ಸೇರಿದ, ಹೆಂಡತಿಗೆ ಗುರುತೇ ಸಿಗಲಿಲ್ಲ ಎಂದು ನಾನು ಓದಿದ ಕೂಡಲೇ ಅವರೆಬೇಳೆ ಹಿದುಕುತ್ತಿದ್ದ ಕೈಗಳೆಲ್ಲ ನಿಂತವು.

"ಏನಂದೆ? ಇನ್ನೊಂದ್ಸಲ ಓದು" ಎಂದಳು ಅತ್ತೆ.

ಓದಿದೆ.

"ಶುದ್ಧ ಅಬದ್ಧಂ!" ಎಂದು ಪಕ್ಕದ ಮನೆಯಾಕೆ ಕೂಗಿದಳು. ಸಿಟ್ಟು ಬಂದರೆ ಆಕೆಯ ಬಾಯಿಗೆ ತೆಲುಗೇ ಮೊದಲು ಬರುತ್ತಿದ್ದುದು. "ಅವಳೇನು ಕುರುಡೀನಾ?"

"ಒಗ್ಗರಣೆ ಹಾಕೋವಾಗ ಗಡ್ಡಕ್ಕೆ ಬೆಂಕಿ ಹತ್ತಲಿಲ್ವಂತಾ?" ಎಂದಳು ಅಮ್ಮ.

"ಮುಖ ಯಾಕೆ ನೋಡ್ಬೇಕು?" ಅತ್ತೆಯ ಸಿಟ್ಟು ಎಲ್ಲರಿಗಿಂತ ಜಾಸ್ತಿ. "ಕೆಮ್ಮು ಸಾಕು. ಚಪ್ಪಲಿ ಬಿಡೋ ಸದ್ದು ಸಾಕು. ಕಟ್ಕೊಂಡೋನು ಬೀದಿ ತುದೀಲಿದ್ರೂ ತಿಳಿಯುತ್ತೆ. ಈ ಬರೆದೋನಿಗೆ ಮದ್ವೆ ಆಗಿಲ್ಲ ಕಣೇ."

ಎಲ್ಲರೂ ನಕ್ಕರು. ಆಮೇಲೆ, ಅಂದದ್ದು ಯಾರು ಎಂದು ಹೊಳೆದು, ನಗು ನಿಂತಿತು.

ಅತ್ತೆ ನನ್ನ ಅಪ್ಪನ ತಂಗಿ. ಅವಳ ಗಂಡ ಅವಳನ್ನು ಚಿಕ್ಕಬಳ್ಳಾಪುರದ ಬಸ್ ಸ್ಟ್ಯಾಂಡಿನಲ್ಲಿ ಟ್ರಂಕಿನ ಮೇಲೆ ಕೂರಿಸಿ, "ಎಲೆ ಅಡಿಕೆ ತರ್ತೀನಿ, ಇಲ್ಲೇ ಇರು" ಎಂದು ಹೋದವನು ವರ್ಷಗಳಾದರೂ ಬಂದಿರಲಿಲ್ಲ. ಕೊನೆಯ ಬಸ್ಸೂ ಹೊರಟುಹೋದ ಮೇಲೆ ಯಾರೋ ಪುಣ್ಯಾತ್ಮರು ಅವಳನ್ನು ಚಿಂತಾಮಣಿಗೆ, ನಮ್ಮ ಮನೆಗೆ ಮುಟ್ಟಿಸಿದ್ದರು. ಅವನು ಮಿಲಿಟರಿಗೆ ಸೇರಿದ ಎಂದರು ಕೆಲವರು. ಶಿಡ್ಲಘಟ್ಟದ ರೇಷ್ಮೆ ವ್ಯಾಪಾರಿಯೊಬ್ಬನ ಜೊತೆ ಬೊಂಬಾಯಿಗೆ ಹೋದ ಎಂದರು ಇನ್ನು ಕೆಲವರು. ಚೀನಾ ಯುದ್ಧ ಮುಗಿದ ಹೊಸತು, ನಮ್ಮೂರ ಬಸ್ ಸ್ಟ್ಯಾಂಡಿನ ಪಕ್ಕದ ಬಾಡಿಗೆ ಪುಸ್ತಕದಂಗಡಿಯಲ್ಲಿ ಎಲ್ಲಿ ನೋಡಿದರೂ ಗೂಢಚಾರರೇ. ಅವನೂ ಅದೇ ಕೆಲಸಕ್ಕೆ ಸೇರಿರಬೇಕು ಎಂದು ಬೀದಿಯವರು ತಮಾಷೆ ಮಾಡುತ್ತಿದ್ದರು. ಅತ್ತೆ ಅಳುವುದನ್ನು ಮುಗಿಸಿ ಹೊಲಿಗೆ ಕಲಿತಳು. ಮಹಿಳಾ ಸಮಾಜದಲ್ಲಿ ಹುಡುಗಿಯರಿಗೆ ರವಿಕೆ ಕತ್ತರಿಸುವುದನ್ನು ಹೇಳಿಕೊಡುತ್ತಿದ್ದಳು. ಹಾಗಿದ್ದರೂ ಗಂಡ ಬಂದು ನಡಿ ಎಂದರೆ ಮಿಷನ್ನು ಬಿಟ್ಟು ಎದ್ದು ಹೋಗಬೇಕಾದವಳೇ. ಇದರಲ್ಲಿ ಮನೆಯಲ್ಲಿ ಯಾರಿಗೂ ಎರಡನೆಯ ಮಾತಿರಲಿಲ್ಲ. ಮೇಷ್ಟರಾಗಿದ್ದ ಅಪ್ಪನಿಗೂ ಇರಲಿಲ್ಲ.

ನನ್ನ ನೆನಪಿನ ಪ್ರಕಾರ ಅದೇ ಸಂಜೆ, ಅದೇ ಪುಟ ತೆರೆದಿದ್ದಾಗಲೇ, ಜಗಲಿಯ ಮೇಲೆ ಯಾರೋ ಕೆಮ್ಮಿದರು. ನನಗೆ ಈ ನೆನಪಿನ ಮೇಲೆ ನಂಬಿಕೆಯಿಲ್ಲ. ಇಂಥ ಕಾಕತಾಳೀಯವನ್ನು ಬರೆಯಲು ಆ ಕಾದಂಬರಿಕಾರನಿಗೂ ನಾಚಿಕೆಯಾಗುತ್ತಿತ್ತು. ಬಂದವನು ಟವೆಲಿನಿಂದ ಕತ್ತಿನ ಬೆವರು ಒರೆಸಿಕೊಂಡದ್ದು ನನಗೆ ಕಣ್ಣಿಗೆ ಕಟ್ಟಿದಂತಿದೆ. ಆದರೆ ಅವರೆಕಾಯಿ ಕಾಲದ ಚಳಿಯಲ್ಲಿ, ಅಂಬಾಜಿದುರ್ಗದ ಬೆಟ್ಟದ ಕಡೆಯಿಂದ ಗಾಳಿ ಬೀಸುವ ಸಂಜೆಯಲ್ಲಿ, ಚಿಂತಾಮಣಿಯಲ್ಲಿ ಯಾರೂ ಬೆವರುವುದಿಲ್ಲ. ಒಂದೋ ಬೆವರು ಸುಳ್ಳು, ಇಲ್ಲ ಅವರೆ ಸುಳ್ಳು. ಕೆಮ್ಮು ಕೇಳಿದಾಗ ಅತ್ತೆಯ ಬೆರಳಿನಿಂದ ಬೇಳೆಯೊಂದು ಚಿಮ್ಮಿ ಪಾತ್ರೆಯ ಹೊರಗೆ ಬಿತ್ತು ಎಂದೂ ಬರೆಯಬಲ್ಲೆ. ಅವರೆ ಹಿದುಕಿದರೆ ನನ್ನ ಉಗುರುಸಂದಿ ಉರಿಯುತ್ತಿತ್ತು, ಅದಕ್ಕೇ ಓದುವ ಕೆಲಸ ನನಗೆ. ಪುಸ್ತಕ ನೋಡುತ್ತಿದ್ದವಳು ಅವಳ ಬೆರಳನ್ನು ಯಾವ ಕಣ್ಣಿಂದ ನೋಡಿದೆ? ಅದನ್ನು ಬಿಟ್ಟುಬಿಡುತ್ತೇನೆ. ಕೆಮ್ಮನ್ನು ಮಾತ್ರ ಬಿಡಲಾರೆ.

ಅವನಿಗೆ ಗಡ್ಡ ಇರಲಿಲ್ಲ. ಸ್ವಲ್ಪ ದಪ್ಪಗಾಗಿದ್ದ, ಅಷ್ಟೇ. ಮುಖ ಅದೇ ಮುಖ. "ಅಯ್ಯೋ ನನ್ನಪ್ಪಾ, ಅಳಿಯಂದ್ರು!" ಎಂದು ಅಜ್ಜಿ ಕಾಲಿಗೆ ನೀರು ತರಲು ಕೂಗಿದಳು. ಅಪ್ಪ ಅಂಗಿಯ ಗುಂಡಿ ಹಾಕಿಕೊಳ್ಳುತ್ತಲೇ ಹೊರಗೆ ಬಂದರು.

"ಗೌರಿಬಿದನೂರಲ್ಲಿ ಮನೆ ಮಾಡಿದೀನಿ. ಇವಳನ್ನ ಕರ್ಕೊಂಡು ಹೋಗಣ ಅಂತ ಬಂದೆ" ಎಂದ ಅವನು, ಕಾಫಿ ಲೋಟ ಕೈಗೆ ತೆಗೆದುಕೊಳ್ಳುತ್ತ.

"ಒಳ್ಳೇದಾಯ್ತು, ಒಳ್ಳೇದಾಯ್ತು" ಎಂದರು ಅಪ್ಪ. "ಬಾರಮ್ಮ, ಯಾರು ಬಂದಿದಾರೆ ನೋಡು."

ಅತ್ತೆ ಸೆರಗಿಗೆ ಕೈ ಒರೆಸಿಕೊಂಡು ಬಾಗಿಲಿಗೆ ಬಂದಳು. ಬಟ್ಟೆ ಹೊಲಿಸಲು ಬಂದವರನ್ನು ನೋಡುವ ಹಾಗೆ ಮೇಲಿನಿಂದ ಕೆಳಗೆ ನೋಡಿದಳು.

"ಯಾರು ಇವ್ರು?"

ಅಜ್ಜಿ ನಕ್ಕಳು. "ತಮಾಷೆ ಸಾಕು ಕಣೇ."

"ತಮಾಷೆ ಅಲ್ಲಮ್ಮ. ನಂಗೆ ಗುರುತು ಸಿಕ್ತಿಲ್ಲ."

"ನಾನು ಕಣೇ" ಎಂದ ಅವನು.

"ಯಾವ ನಾನು?"

ಅಮ್ಮ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಪಕ್ಕದ ಮನೆಯಾಕೆಗೆ ಎರಡು ಭಾಷೆಯೂ ಮರೆತುಹೋಯಿತು.

"ಏನ್ ಮಾತಿದು!" ಎಂದು ಅಪ್ಪ ಗದರಿದರು. "ತಾಳಿ ಕಟ್ಟಿದೋರಮ್ಮ ಅವ್ರು!"

"ಇಲ್ಲಣ್ಣ, ಇವರು ಬೇರೆ ಯಾರೋ. ನನ್ನನ್ನ ಕಟ್ಕೊಂಡೋರು ಎಲೆ ಅಡಿಕೆ ತರಕ್ಕೆ ಹೋಗಿದಾರೆ." ಆಮೇಲೆ ಅವನ ಕಡೆ ತಿರುಗಿ, ಬಹಳ ಮರ್ಯಾದೆಯಿಂದ, "ಪಾಪ, ಮನೆ ತಪ್ಪಿ ಬಂದಿದೀರ. ಬಸ್ ಸ್ಟ್ಯಾಂಡು ಬಲಗಡೆಗೆ. ಕೊನೇ ಬಸ್ಸು ಇನ್ನೂ ಹೋಗಿಲ್ಲ" ಎಂದಳು.

ಅವನು ಮೊದಲು ನಕ್ಕಿದ್ದ. ಆ ನಗು ಮುಖದ ಮೇಲೆ ಹಾಗೇ ಉಳಿದುಬಿಟ್ಟಿತು, ಯಾರೋ ಅಂಟಿಸಿ ಹೋದ ಹಾಗೆ. ಇನ್ನೊಮ್ಮೆ ಕೆಮ್ಮಿದ. ಲೋಟ ಕೆಳಗಿಟ್ಟು ಚಪ್ಪಲಿ ಮೆಟ್ಟಿದ. ಅಪ್ಪ ಸಮಾಧಾನ ಹೇಳುತ್ತ ಬಸ್ ಸ್ಟ್ಯಾಂಡಿನ ತನಕ ಅವನ ಹಿಂದೆಯೇ ಹೋದರು. ಒಬ್ಬರೇ ವಾಪಸು ಬಂದವರು ಎಷ್ಟೋ ದಿನ ತಂಗಿಯ ಜೊತೆ ಮಾತಾಡಲಿಲ್ಲ. ಅಜ್ಜಿ ಊಟ ಬಿಟ್ಟಳು. ಅತ್ತೆಗೆ ತಲೆ ಕೆಟ್ಟಿದೆ ಎಂದು ಬೀದಿ ತೀರ್ಮಾನಿಸಿತು. ಎದುರಿಗೆ ನಿಂತ ಗಂಡನನ್ನು ಹೆಂಡತಿ ಗುರುತಿಸಲಿಲ್ಲ ಎಂಬುದನ್ನು ಇನ್ನು ಹೇಗೆ ತಾನೇ ನಂಬುವುದು?

ಪುಸ್ತಕ ವಾಪಸು ಕೊಡುವ ಮುನ್ನ, ಮಧ್ಯಾಹ್ನ, ಅತ್ತೆ ನನ್ನನ್ನು ಕರೆದಳು. ಅವಳ ಮುಂದೆ ಹೊಲಿಗೆ ಮಿಷನ್ನು ಇತ್ತೋ ಅವರೆ ಪಾತ್ರೆ ಇತ್ತೋ, ಹೇಳಲಾರೆ.

"ಅವಳು ಅಡುಗೆಯೋನಿಗೆ ಬಡಿಸೋ ಜಾಗ ಇದೆಯಲ್ಲ, ಅದನ್ನ ಓದು."

ಓದಿದೆ. ಹೆಂಡತಿ ಸಾರು ಬಡಿಸಿ, ನಿಮ್ಮದು ಯಾವೂರು ಎಂದು ಅಡುಗೆಯವನನ್ನು ಕೇಳುತ್ತಾಳೆ. ನಮಗಿಂತ ಮುಂಚೆ ಬಾಡಿಗೆಗೆ ಒಯ್ದಿದ್ದ ಯಾರೋ ಅಂಚಿನಲ್ಲಿ ಪೆನ್ಸಿಲಿನಿಂದ 'ಬುರುಡೆ' ಎಂದು ಬರೆದಿದ್ದರು. ಅದನ್ನೂ ಓದಿದೆ.

"ಬುರುಡೆ ಅಲ್ಲ ಕಣೇ" ಎಂದಳು ಅತ್ತೆ. "ಅವಳಿಗೆ ಮೊದಲನೇ ದಿನವೇ ತಿಳಿದಿದೆ. ಬರೆದೋನಿಗೇ ತಿಳಿದಿಲ್ಲ."

ನಾನು ಹಾಳೆ ತಿರುಗಿಸಿದೆ. ಮುಂದಿನ ಪುಟದಲ್ಲಿ ಅವನು ಗಡ್ಡ ಕೀಳುತ್ತಿದ್ದ, ಅವಳು ಅಳುತ್ತ ಅವನ ಕಾಲಿಗೆ ಬೀಳುತ್ತಿದ್ದಳು.

"ಅಷ್ಟು ಸಾಕು" ಎಂದಳು. "ಕೊಟ್ಟುಬಿಡು ಹೋಗು."