ಕುಕ್ಕೆಗೆ ಬಿದ್ದ ಕಾಯಿ

ತೋಟದ ಮನೆಗೆ ಸೊಸೆಯಾಗಿ ಹೋಗ್ತಿದ್ದೀಯ, ಇನ್ನು ನಿನಗೆ ಕಾಯಿ ಚಟ್ನಿಗೇನು ಬರ ಎಂದು ನನ್ನ ಮದುವೆಯಲ್ಲಿ ಅಮ್ಮ ಹಿಗ್ಗಿದ್ದಳು. ಚಿಕ್ಕನಾಯಕನಹಳ್ಳಿ ಕಡೆ ಬೋಳುಗುಡ್ಡದ ಕೆಳಗೆ ನಮ್ಮದು ರಾಗಿ ಹೊಲ. ಹಿತ್ತಿಲಲ್ಲಿ ಇದ್ದದ್ದು ನಾಲ್ಕೇ ತೆಂಗಿನ ಮರ, ಅದರ ಕಾಯಿಯೆಲ್ಲ ನಮ್ಮ ಹೊಟ್ಟೆಗೇ. ಬಿಳಿಗೆರೆ ಹತ್ತಿರದ ಗಂಡನ ಮನೆಯಲ್ಲಿ ಕಣ್ಣು ಹಾಯುವಷ್ಟು ದೂರ ತೆಂಗು. ಅಲ್ಲಿ ನಾನು ತಿಂದ ಮೊದಲ ಚಟ್ನಿ ಕಮಟು ಹೊಡೆಯುತ್ತಿತ್ತು.

ಕಾರಣ ತಿಳಿಯಲು ಒಂದು ವಾರವೂ ಬೇಕಾಗಲಿಲ್ಲ. ತೋಟದ ಕಾಯಿ ಸೀದಾ ಅಟ್ಟಕ್ಕೆ ಏರುತ್ತದೆ. ಅಲ್ಲಿ ಸಿಪ್ಪೆಯೊಳಗೇ ಹತ್ತು ಹನ್ನೊಂದು ತಿಂಗಳು ಮಲಗಿ, ನೀರೆಲ್ಲ ಇಂಗಿ, ಉಂಡೆ ಕೊಬ್ಬರಿಯಾಗಿ ತಿಪಟೂರಿಗೆ ಹೋಗುತ್ತದೆ. ಮಾವ ಒಂದೊಂದು ಕಾಯಿಯನ್ನೂ ಕಿವಿಯ ಹತ್ತಿರ ಹಿಡಿದು ಕುಲುಕಿ ನೋಡುತ್ತಿದ್ದರು. ಬಿರುಕು ಬಿಟ್ಟದ್ದು, ಮೊಳಕೆ ಬಂದದ್ದು, ಒಳಗೇ ಕೆಡಲು ಶುರುವಾದದ್ದು ಬಿದಿರಿನ ಕುಕ್ಕೆಗೆ ಬೀಳುತ್ತಿತ್ತು. ಕುಕ್ಕೆ ಅಡುಗೆಮನೆಗೆ ಬರುತ್ತಿತ್ತು. ಕೊಬ್ಬರಿಯಾಗಲು ಲಾಯಕ್ಕಿಲ್ಲದ್ದು ಮನೆಯವರ ಬಾಯಿಗೆ!

"ಅತ್ತೆ, ಇದು ಕೆಟ್ಟಿದೆ" ಎಂದೆ.

"ಕೆಟ್ಟಿರಾ ಕಡೆ ಕೆತ್ತಿ ಬಿಸಾಕಿ ಮಿಕ್ಕಿದ್ದು ರುಬ್ಬು ಕಣೇ. ಅಟ್ಟದ ಕಾಯಿ ಯಾರಾದ್ರೂ ತಿಂತಾರಾ?"

ಅವರು ತಮಾಷೆ ಮಾಡುತ್ತಿರಲಿಲ್ಲ. ನಾನೂ ತಲೆತಗ್ಗಿಸಿಕೊಂಡು ಹನ್ನೆರಡು ವರ್ಷ ಕೆತ್ತಿದೆ, ರುಬ್ಬಿದೆ. ಅದನ್ನು ನೆನೆಸಿಕೊಂಡರೆ ನನ್ನ ಮೇಲೇ ನನಗೆ ಸಿಟ್ಟು ಬರುತ್ತದೆ. ಟೀವಿ ನೋಡಿ ಬಂದ ನೆಂಟರು ಜಗಲಿಯಲ್ಲಿ ಕೂತು, ಕಾಯಿ ತಿಂದರೆ ಒಳ್ಳೆಯದೋ ಕೆಟ್ಟದ್ದೋ ಎಂದು ಗಂಟೆಗಟ್ಟಲೆ ವಾದ ಮಾಡುತ್ತಿದ್ದರು. ಮೊದಲು ಒಂದು ಒಳ್ಳೇ ಕಾಯಿ ಕೊಡಿ ಸ್ವಾಮಿ, ಬೇಕೋ ಬೇಡವೋ ಆಮೇಲೆ ಹೇಳುತ್ತೇನೆ ಎಂದು ಒಳಗೆ ನಾನು ಗೊಣಗುತ್ತಿದ್ದೆ.

ಹೋದ ವರ್ಷ ಅಮ್ಮ ಬಂದಳು. ನನ್ನ ಚಟ್ನಿಯನ್ನು ನೀರಿನ ಜೊತೆ ನುಂಗಿ ಎದ್ದಳು. ಮುಂದಿನ ಸಲ ಬಂದಾಗ ಚೀಲದಿಂದ ಎರಡು ಕಾಯಿ ತೆಗೆದು, ಯಾರೂ ನೋಡದ ಹಾಗೆ ನನ್ನ ಸೆರಗಿಗೆ ಹಾಕಿದಳು. ತನ್ನ ನಾಲ್ಕು ಮರದ ಕಾಯಿ! ತೆಂಗಿನ ತೋಟದ ಮನೆಗೆ ಕಾಯಿ ಹೊತ್ತುಕೊಂಡು, ಕಿಬ್ಬನಹಳ್ಳಿಯಲ್ಲಿ ಬಸ್ಸು ಬದಲಾಯಿಸಿ ಬಂದಿದ್ದಳು. ನನಗೆ ನಾಚಿಕೆಯಿಂದ ಮೈಯೆಲ್ಲ ಉರಿದುಹೋಯಿತು.

ಮಾರನೆಯ ಬೆಳಿಗ್ಗೆ ಏಣಿ ಹಾಕಿ ಅಟ್ಟ ಹತ್ತಿದೆ. ಹೊಸದಾಗಿ ಏರಿಸಿದ ರಾಶಿಯಿಂದ ತುಂಬು ಕಾಯಿಯೊಂದನ್ನು ಆರಿಸಿ ಇಳಿಸಿ, ಸುಲಿದು ಒಡೆದೆ. ಜಗಲಿಯಲ್ಲಿದ್ದ ಮಾವನ ಕಿವಿ ಆ ಸದ್ದಿಗೇ ನಿಮಿರಿತು.

"ಅದ್ಯಾವ್ ಕಾಯಮ್ಮ ಒಡ್ದಿದ್ದು?"

"ಒಳ್ಳೇ ಕಾಯಿ ಮಾವ."

"ಅಟ್ಟದ್ದಾ?"

"ಹೂಂ, ಅಟ್ಟದ್ದೇ. ನಾಳೇನೂ ಒಡೀತೀನಿ."

ಮಾವ ಟವೆಲ್ ಕೊಡವಿಕೊಂಡು ತೋಟಕ್ಕೆ ಹೊರಟುಬಿಟ್ಟರು. ಚಟ್ನಿ ಹಾಲಿನಂತೆ ಬೆಳ್ಳಗಿತ್ತು. ಗಂಡನಿಗೆ ಬಡಿಸಿ, ಮುಖವನ್ನೇ ನೋಡುತ್ತ ನಿಂತೆ.

"ಯಾಕೋ ಸಪ್ಪೆ ಕಣೇ" ಎಂದರು.

ಅತ್ತೆ ಬೆರಳಲ್ಲಿ ನೆಕ್ಕಿ, "ಕಾಯಿ ಘಾಟೇ ಇಲ್ವಲ್ಲ, ಇದೇನು ಚಟ್ನಿ?" ಎಂದು ತಟ್ಟೆಯ ಅಂಚಿಗೆ ಸರಿಸಿದರು.

ಕಮಟೇ ಕಾಯಿಯ ರುಚಿ ಎಂದುಕೊಂಡಿದ್ದರು ಇವರು! ನಗು ಬರಲಿಲ್ಲ, ಒಲೆ ಮುಂದೆ ಕೂತು ಅತ್ತುಬಿಟ್ಟೆ. ಅತ್ತು ಮುಗಿದ ಮೇಲೆ ಹಟ ಬಂತು. ತಿಂದರೆ ತಿನ್ನಲಿ, ಬಿಟ್ಟರೆ ಬಿಡಲಿ, ನನ್ನ ಒರಳಿಗೆ ಇನ್ನು ಕುಕ್ಕೆಯ ಕಾಯಿ ಬೀಳುವುದಿಲ್ಲ ಎಂದುಕೊಂಡೆ. ದಿನಕ್ಕೊಂದರಂತೆ ಇಳಿಸಿದೆ. ಮಾವ ನನ್ನ ಜೊತೆ ಮಾತು ಬಿಟ್ಟರು. ಊಟ ಮಾತ್ರ ಅವರೂ ಬಿಡಲಿಲ್ಲ, ಅತ್ತೆಯೂ ಬಿಡಲಿಲ್ಲ.

ಎರಡು ತಿಂಗಳಾಗಿತ್ತು. ಅಮ್ಮನಿಗೆ ಜ್ವರವೆಂದು ಒಂದು ರಾತ್ರಿ ತವರಿಗೆ ಹೋಗಿ, ಬೆಳಿಗ್ಗೆಯೇ ಮೊದಲ ಬಸ್ಸಿಗೆ ವಾಪಸ್ಸು ಬಂದೆ. ಮಂಡಿನೋವಿನ ಅತ್ತೆ ಅಟ್ಟ ಹತ್ತಲಾರರು. ತಾವು ಸೊಸೆಯಾಗಿ ಬಂದ ದಿನದಿಂದ ಮಾಡಿಕೊಂಡು ಬಂದಂತೆ ಕುಕ್ಕೆಯಿಂದಲೇ ಕಾಯಿ ತೆಗೆದು ಚಟ್ನಿ ರುಬ್ಬಿದ್ದರು. ಮಾವ ಬಡಿಸಿಕೊಂಡು ಕೂತಿದ್ದರು. ನಾನು ಕಾಲು ತೊಳೆದು ಒಳಗೆ ಬರುವಾಗ ಅತ್ತೆ ಮೊದಲ ತುತ್ತು ಬಾಯಿಗಿಟ್ಟವರು ಥೂ ಎಂದು ಉಗುಳಿದರು.

"ಆ ಕುಕ್ಕೇಲಿ ಏನಿಟ್ಟಿದ್ಯೇ? ನಾಯೂ ಮೂಸಲ್ಲ ಇದನ್ನ!"

"ಏನೂ ಇಟ್ಟಿಲ್ಲ ಅತ್ತೆ. ಯಾವಾಗಲೂ ಬೀಳೋ ಕಾಯೇ."

ಅವರು ಚಟ್ನಿಯನ್ನು ಇನ್ನೊಮ್ಮೆ ಮೂಸಿದರು.

ಮಾವ ತಲೆ ಎತ್ತದೆ, "ಅದ್ಕೇನಾಗೈತೆ, ತಿನ್ನು. ಇಷ್ಟು ವರ್ಷ ತಿಂದಿಲ್ವಾ?" ಎಂದರು.

ಅತ್ತೆ ಮಾವನ ಎದುರು ಸ್ವರ ಎತ್ತಿದ್ದನ್ನು ನಾನು ಅದುವರೆಗೆ ಕೇಳಿಯೇ ಇರಲಿಲ್ಲ.

"ತಿಂದೆ ಕಣ್ರೀ, ತಿಂದೆ. ಬಸುರಿ ಬಾಣಂತೀಲೂ ತಿಂದೆ. ಇದೇ ರುಚಿ ಅನ್ಕಂಡು ತಿಂದೆ. ಅಟ್ಟದ ತುಂಬ ಒಳ್ಳೇ ಕಾಯಿ ಇತ್ತಲ್ರೀ, ಒಂದಿನ ಒಂದು ಇಳ್ಸಿ ಕೊಡಕೆ ಕೈ ಬರ್ಲಿಲ್ವಾ ನಿಮ್ಗೆ?"

ಮಾವನ ಕೈ ತಟ್ಟೆಯಲ್ಲೇ ನಿಂತಿತು. ಅತ್ತೆ ಚಟ್ನಿಯ ಬಟ್ಟಲನ್ನು ಅವರ ಮುಂದಕ್ಕೆ ತಳ್ಳಿ ನನ್ನ ಕಡೆ ತಿರುಗಿದರು. ಕಣ್ಣಲ್ಲಿ ನೀರಿತ್ತು.

"ನಿಂತ್ಕಂಡು ಏನು ನೋಡ್ತೀಯೇ? ಅಟ್ಟ ಹತ್ತು. ಎರಡು ತಗಂಬಾ."

ಸೆರಗು ಸೊಂಟಕ್ಕೆ ಸಿಕ್ಕಿಸಿ ನಾನು ಏಣಿ ಹಾಕಿದೆ.