ದ್ವೀಪದ ಕರಾರಿಗೆ ಒಂದು ತಿದ್ದುಪಡಿ

ಇಂದೂ, ಆ ಪುಟವನ್ನು ನಾನು ನೋಡಿದ್ದೆ. ನಿನ್ನ ಉಪನ್ಯಾಸಕ್ಕೆ ಇನ್ನೂ ಒಂಬತ್ತು ದಿನ ಇರುವಾಗಲೇ ನೋಡಿದ್ದೆ. ಅದೊಂದು ಪುಟದಿಂದ ನಿನ್ನ ವಾದ ಬುಡಸಮೇತ ಬಿದ್ದುಹೋಗುತ್ತದೆ ಎನ್ನುವುದೂ ತಿಳಿದಿತ್ತು. ತಿಳಿದೇ ಹೇಳಲಿಲ್ಲ. ಮರೆತದ್ದಲ್ಲ, ಕೆಲಸದ ಗಡಿಬಿಡಿಯಲ್ಲಿ ತಪ್ಪಿಹೋದದ್ದೂ ಅಲ್ಲ — ಹೊಟ್ಟೆಕಿಚ್ಚು ಕಣೇ. ಬರೀ ಹೊಟ್ಟೆಕಿಚ್ಚು.

ಮೂರು ವರ್ಷ ಈ ಮಾತನ್ನು ನುಂಗಿಕೊಂಡು ನಿನ್ನೆದುರು ಕೂತು ಊಟ ಮಾಡಿದ್ದೇನೆ. ಇವತ್ತು ಶನಿವಾರ, ನೀನು ತನ್ವಿಯನ್ನು ಈಜಿನ ಕ್ಲಾಸಿಗೆ ಕರಕೊಂಡು ಹೋಗಿದ್ದೀಯ. ಬರುವುದರೊಳಗೆ ಬರೆದು ಮುಗಿಸಬೇಕು. ಬಾಯಲ್ಲಿ ಹೇಳುವ ಧೈರ್ಯ ನನಗಿಲ್ಲ. ಮೊನ್ನೆ ಕೆಳಗಿಳಿದು ನಿನ್ನ ಬೇಸ್‌ಮೆಂಟಿನ ಬಾಗಿಲ ತನಕ ಬಂದು, ‘ಒಗೆಯೋ ಬಟ್ಟೆ ಇದ್ಯೇನೇ?’ ಅಂತ ಕೇಳಿ ವಾಪಸು ಬಂದೆನಲ್ಲ, ಅವತ್ತೂ ಇದನ್ನೇ ಹೇಳಲು ಬಂದಿದ್ದೆ.

ಮೈಸೂರಿನ ಲಾ ಕಾಲೇಜಿನಲ್ಲಿ ನಮ್ಮಿಬ್ಬರದ್ದೊಂದು ಪದ್ಧತಿ ಇತ್ತು. ನೀನು ಬರೆದದ್ದನ್ನು ನಾನು ಓದದೆ, ನಾನು ಬರೆದದ್ದನ್ನು ನೀನು ಓದದೆ ಯಾವುದನ್ನೂ ಯಾರಿಗೂ ಕೊಡುತ್ತಿರಲಿಲ್ಲ. ಓದಿದವಳು ತಪ್ಪು ಹುಡುಕಲೇಬೇಕು, ಹೊಗಳುವಂತಿಲ್ಲ. ‘ನಿನ್ ಕಣ್ಣಿಗೆ ಬಿದ್ಮೇಲೆ ಮುಗೀತು ವತ್ಸೀ, ಇನ್ಯಾವ ಜಡ್ಜೂ ಬೇಡ’ ಅನ್ನುತ್ತಿದ್ದೆ ನೀನು. ಆ ಮಾತು ಕೇಳಿದಾಗಲೆಲ್ಲ ನಾನು ಎಷ್ಟು ಉಬ್ಬುತ್ತಿದ್ದೆ ಗೊತ್ತಾ! ಈಗ ನೆನೆಸಿಕೊಂಡರೆ ಮುಖ ಎಲ್ಲಿ ಮುಚ್ಚಿಕೊಳ್ಳಲಿ ಅನ್ನಿಸುತ್ತದೆ.

ಈ ದೇಶಕ್ಕೆ ನಾನು ಬಂದದ್ದು ಮುರಳಿಯ ಹೆಂಡತಿಯಾಗಿ. ನೀನು ಬಂದದ್ದು ಇಂದಿರೆಯಾಗಿ. ಇಲ್ಲಿ ವಕೀಲಳಾಗಲು ಬರೆಯಬೇಕಾದ ಪರೀಕ್ಷೆಗಳಲ್ಲಿ ಎರಡು ಬರೆದೆ, ತನ್ವಿ ಹೊಟ್ಟೆಯಲ್ಲಿದ್ದಳು, ಬಿಟ್ಟೆ. ಆಮೇಲೆ ಬರೆಯಬಹುದಿತ್ತು — ಬರೆಯಲಿಲ್ಲ, ಅಷ್ಟೆ. ಮಿಸ್ಸಿಸಾಗಾದ ಆಫೀಸಿನಲ್ಲಿ ಕೂತು ಬೋಲ್ಟನ್ನಿನ ಗೋದಾಮುಗಳ ಬಾಡಿಗೆ ಕರಾರು ಓದುವ ಕೆಲಸಕ್ಕೆ ಸೇರಿಕೊಂಡೆ. ಲಾರಿ ಯಾವ ಬಾಗಿಲಿಗೆ ನಿಲ್ಲಬೇಕು, ಹಿಮ ಯಾರು ಬಾಚಬೇಕು, ಸೂರು ಸೋರಿದರೆ ಯಾರ ಹೊಣೆ. ನೀನು ಸ್ಕಾಲರ್‌ಶಿಪ್ಪು ಹಿಡಿದು ಪಿಎಚ್‌ಡಿಗೆ ಬಂದಾಗ, ‘ಬೇರೆಲ್ಲೂ ಹುಡುಕಬೇಡ, ಜಾರ್ಜ್‌ಟೌನಿಗೆ ಬಾ, ನಮ್ಮನೆ ಬೇಸ್‌ಮೆಂಟು ಖಾಲಿ ಇದೆ’ ಅಂತ ಕರೆದವಳು ನಾನೇ. ಪ್ರೀತಿಯಿಂದಲೇ ಕರೆದೆ. ಅದನ್ನು ಮಾತ್ರ ನಂಬು.

ಓದಿದ್ದೂ ಕರಾರುಗಳ ಬಗ್ಗೆಯೇ ನೋಡು ನೀನು. ಆದರೆ ನಿನ್ನದು ಗೋದಾಮಲ್ಲ, ದ್ವೀಪ. ಪುಟ್ಟ ದೇಶವೊಂದು ತನ್ನ ದ್ವೀಪದ ಒಂದು ಮೂಲೆಯನ್ನು ದೊಡ್ಡ ದೇಶದ ಸೈನ್ಯಕ್ಕೆ ಲೀಸಿಗೆ ಕೊಟ್ಟಿದೆ. ನೆಲ ತನ್ನದೇ ಎಂದು ಕಾಗದದಲ್ಲಿ ಬರೆಸಿಕೊಂಡಿದೆ. ಗೇಟಿನ ಒಳಗೆ ಮಾತ್ರ ಅದರ ಪೊಲೀಸು ಕಾಲಿಡುವಂತಿಲ್ಲ. ಆ ಸೈನ್ಯದ ಬೇಸಿನ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದ ಹೆಂಗಸೊಬ್ಬಳು ಸಂತೆಯಿಂದ ಮನೆಗೆ ನಡೆದು ಹೋಗುವಾಗ, ರಜೆಯಲ್ಲಿದ್ದ ಸೈನಿಕ ಬೇಸಿನ ಜೀಪು ಹಾಯಿಸಿ ಅವಳನ್ನು ಕೊಂದ. ಅವನ ವಿಚಾರಣೆ ಯಾವ ದೇಶದ ಕೋರ್ಟಿನಲ್ಲಿ? ನೆಲದ ಒಡೆತನ ಬರೀ ಹೆಸರಿಗಲ್ಲ, ಕೆಲಸದಲ್ಲಿಲ್ಲದ ಸೈನಿಕನನ್ನು ದ್ವೀಪದ ಕೋರ್ಟೇ ವಿಚಾರಿಸಬೇಕೆಂದು ಕರಾರಿನಲ್ಲೇ ಇದೆ — ಇದು ನಿನ್ನ ವಾದ. ಅದನ್ನು ನೀನು ಹೇಳುತ್ತಿದ್ದದ್ದು ಆ ಹೆಂಗಸು ನಿನ್ನ ಅಕ್ಕನೋ ಎಂಬ ಹಾಗೆ.

ನಿನ್ನ ವಾದದ ಮೇಲೆ ನನಗೇನೂ ಸಿಟ್ಟಿರಲಿಲ್ಲ. ಅದನ್ನು ಎಲ್ಲರೂ ಬಾಯಿಬಿಟ್ಟುಕೊಂಡು ಕೇಳುತ್ತಿದ್ದರಲ್ಲ, ಅದಕ್ಕೆ ಸಿಟ್ಟು. ಮದುವೆಯಾಗಿ ಹತ್ತು ವರ್ಷವಾದರೂ ನನ್ನ ಕೆಲಸದ ಬಗ್ಗೆ ಒಂದೇ ಒಂದು ಪ್ರಶ್ನೆ ಕೇಳದ ಮುರಳಿ ನಿನ್ನನ್ನು ಕೇಳುತ್ತಿದ್ದ: ‘ಹಾಗಾದ್ರೆ ಆ ಬೇಸ್ ಒಳಗೆ ಮಗು ಹುಟ್ಟಿದ್ರೆ ಯಾವ ದೇಶದ್ದು, ಇಂದಿರಾ?’ ತಟ್ಟೆಯಲ್ಲಿ ನಾನು ಬಡಿಸಿದ ಸಾರು ಆರುತ್ತಿತ್ತು. ಕನ್ನಡ ಸಂಘದ ಯುಗಾದಿ ಊಟದಲ್ಲಿ ನಿನ್ನ ಸುತ್ತ ಜನ, ನನ್ನ ಕೈಯಲ್ಲಿ ಒಬ್ಬಟ್ಟಿನ ಡಬ್ಬಿ. ‘ನೀವು ಇಂದಿರಾ ಫ್ರೆಂಡಾ?’ ಅಂತ ಒಬ್ಬರು ನನ್ನನ್ನು ಕೇಳಿದರು, ನಾನು ಎಂಟು ವರ್ಷದಿಂದ ಹೋಗುತ್ತಿದ್ದ ಸಂಘದಲ್ಲಿ!

ಅದನ್ನೂ ಸಹಿಸಿಕೊಂಡಿದ್ದೆ. ತನ್ವಿ — ಅದನ್ನು ಮಾತ್ರ ಆಗಲಿಲ್ಲ. ನಾನು ಕನ್ನಡದಲ್ಲಿ ಕರೆದರೆ ‘ವಾಟ್, ಮಾ?’ ಅನ್ನುವ ಮಗು, ಕೆಳಗಿಳಿದು ನಿನ್ನ ಹತ್ತಿರ ‘ಚಿಕ್ಕಮ್ಮಾ, ನಂಗೆ ಜಡೆ ಹಾಕು’ ಅನ್ನುತ್ತಿತ್ತು. ನಾನು ಮೆಟ್ಟಿಲ ಮೇಲೆ ನಿಂತು ಕದ್ದು ಕೇಳಿದ್ದೇನೆ, ನನ್ನ ಮನೆಯಲ್ಲೇ. ನೀನು ತಮಾಷೆಗೆ ಒಂದು ಸಲ, ‘ಜಾಗ ನಿಂದು, ಒಳಗಿನ ರಾಜ್ಯಭಾರ ನಂದು, ಥೇಟ್ ನನ್ನ ದ್ವೀಪವೇ ವತ್ಸೀ’ ಅಂದೆ. ಎಲ್ಲರೂ ನಕ್ಕರು, ನಾನೂ ನಕ್ಕೆ. ಮೈಯೆಲ್ಲ ಉರಿದುಹೋಗಿತ್ತು.

ಆಮೇಲೆ ನಿನ್ನನ್ನು ಒಂದು ವಿಶ್ವವಿದ್ಯಾಲಯದವರು ಪ್ರೊಫೆಸರ್ ಹುದ್ದೆಗೆ ಕರೆದರು. ಮೊದಲು ಎಲ್ಲರ ಮುಂದೆ ಒಂದು ಉಪನ್ಯಾಸ, ಆಮೇಲೆ ತೀರ್ಮಾನ. ನೀನು ಎಂದಿನಂತೆ ಬರೆದದ್ದನ್ನು ನನಗೆ ಕೊಟ್ಟೆ.

ಈ ಕೆಲಸ ಮಾಡುವ ನಾವು ಕರಾರನ್ನು ಹಿಂದಿನಿಂದ ಓದುತ್ತೇವೆ, ಈಗ ನಿನಗೂ ಗೊತ್ತಲ್ಲ. ಮೊದಲು ತಿದ್ದುಪಡಿ ಹುಡುಕುವುದು, ಕೊನೆಗೆ ಮೂಲ. ಮೂಲದಲ್ಲಿ ಕೊಟ್ಟದ್ದನ್ನು ತಿದ್ದುಪಡಿಯಲ್ಲಿ ಕಿತ್ತುಕೊಂಡಿರುತ್ತಾರೆ. ನೀವು ಓದಿದವರು ಮೂಲ ಒಪ್ಪಂದವನ್ನು ದೇವರಂತೆ ಮುಂದಿಟ್ಟುಕೊಂಡು ಅದರ ಒಂದೊಂದು ಪದವನ್ನೂ ಅಗೆಯುತ್ತೀರಿ. ನಾನು ಬರೀ ಅಭ್ಯಾಸಬಲದಿಂದ, ಆಫೀಸಿನ ಊಟದ ಹೊತ್ತಿನಲ್ಲಿ, ಆ ದ್ವೀಪದ ಸರ್ಕಾರದ ಹಳೆಯ ಕಾಗದಗಳ ಪಟ್ಟಿ ತೆಗೆದು ಕೆಳಗಿನಿಂದ ನೋಡುತ್ತಾ ಬಂದೆ. ಸಿಕ್ಕಿತು. ಒಪ್ಪಂದವಾಗಿ ಎಷ್ಟೋ ವರ್ಷದ ಮೇಲೆ ಎರಡು ಸರ್ಕಾರಗಳು ಬರೆದುಕೊಂಡ ಒಂದೇ ಪುಟದ ಪತ್ರ. ಬೇಸಿನ ವಾಹನ ದ್ವೀಪದ ಯಾವ ರಸ್ತೆಯಲ್ಲಿದ್ದರೂ, ಅದನ್ನು ಓಡಿಸುವವನು ಕರ್ತವ್ಯದಲ್ಲಿದ್ದಾನೆ ಎಂದೇ ಎಣಿಸತಕ್ಕದ್ದು. ಅಂದರೆ ಆ ಸೈನಿಕನಿಗೆ ರಜೆ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ದ್ವೀಪದ ಕೋರ್ಟು ಅವನನ್ನು ಮುಟ್ಟುವಂತಿಲ್ಲ.

ಆ ಕ್ಷಣ ಏನನ್ನಿಸಿತು ಅಂತ ಪ್ರಾಮಾಣಿಕವಾಗಿ ಬರೆಯುತ್ತೇನೆ. ಮೊದಲು, ಅಯ್ಯೋ ಇಂದೂ, ಅನ್ನಿಸಿತು. ಅದು ನಿಜ. ಫೋನು ಕೈಗೆತ್ತಿಕೊಂಡೆ, ಅದೂ ನಿಜ. ಆಮೇಲೆ — ನಾನು ಕಂಡುಹಿಡಿದೆ, ಗೋದಾಮಿನ ಕಾಗದ ಓದುವವಳು ಕಂಡುಹಿಡಿದೆ, ಇವಳಿಗೆ ಕಾಣಲಿಲ್ಲ! ಎಂಥ ಖುಷಿ ಅದು! ಆ ಖುಷಿಯನ್ನು ಇನ್ನೊಂದು ಗಂಟೆ ಇಟ್ಟುಕೊಳ್ಳೋಣ ಅಂದುಕೊಂಡೆ. ಸಂಜೆ ಹೇಳಿದರಾಯಿತು. ಮನೆಗೆ ಬಂದರೆ ನಿನ್ನ ತೊಡೆಯ ಮೇಲೆ ನನ್ನ ಮಗಳು, ಮುರಳಿ ನಿನಗೆ ಕಾಫಿ ಸೋಸುತ್ತಿದ್ದ.

‘ಏನೇ, ಎಷ್ಟು ತಪ್ಪು ಸಿಕ್ತು?’ ಅಂದೆ ನೀನು.

‘ಏನೂ ಇಲ್ಲ ಕಣೇ. ಅಚ್ಚುಕಟ್ಟಾಗಿದೆ.’

ಇಷ್ಟೇ ನಾನು ಹೇಳಿದ್ದು. ನೀನು ಎದ್ದು ಬಂದು ತಬ್ಬಿಕೊಂಡೆ. ಮುಂದೆ ಒಂಬತ್ತು ದಿನ, ಪ್ರತಿದಿನ ಬೆಳಿಗ್ಗೆ ನಿನ್ನ ಜೊತೆ ರೈಲ್ವೆ ಸ್ಟೇಶನ್ನಿನ ತನಕ ನಡೆದಿದ್ದೇನೆ. ಒಂಬತ್ತು ಬೆಳಿಗ್ಗೆ. ಯಾವುದಾದರೂ ಒಂದರಲ್ಲಿ ಬಾಯಿಬಿಟ್ಟಿದ್ದರೆ ನಿನಗೆ ಸಾಕಿತ್ತು. ನೀನು ಆ ಪುಟವನ್ನೇ ಎತ್ತಿಕೊಂಡು, ಒಂದು ದೇಶ ತನ್ನ ನೆಲದ ಹಕ್ಕನ್ನು ಸದ್ದಿಲ್ಲದೆ ಹೀಗೂ ಬಿಟ್ಟುಕೊಡುತ್ತದೆ ನೋಡಿ ಅಂತ ಇನ್ನೂ ಗಟ್ಟಿಯಾಗಿ ಬರೆಯುತ್ತಿದ್ದೆ. ಅದು ನನಗೆ ಆಗಲೂ ಗೊತ್ತಿತ್ತು.

ಉಪನ್ಯಾಸದ ದಿನ ರಜೆ ಹಾಕಿ ಬಂದು ಕೊನೆಯ ಸಾಲಿನಲ್ಲಿ ಕೂತೆ. ಬೂದು ಸ್ವೆಟರಿನ ಆ ಮುದುಕ ಪ್ರೊಫೆಸರರು ಮೆಲ್ಲಗೆ ಕೈಯೆತ್ತಿ, ಆಮೇಲಿನ ಪತ್ರವನ್ನು ನೀವು ನೋಡಿದ್ದೀರಾ ಅಂತ ಕೇಳಿದರು. ನೀನು ಯಾವ ಪತ್ರ ಅಂದೆ. ಅವರು ಅದನ್ನು ಓದಿ ಹೇಳಿದರು. ಸಭೆಯಲ್ಲಿ ಯಾರೋ ಕುರ್ಚಿ ಸರಿಸಿದರು. ನೀನು ನನ್ನ ಕಡೆ ನೋಡಿದೆ. ಅನುಮಾನದಿಂದಲ್ಲ — ಪರೀಕ್ಷೆಯಲ್ಲಿ ಉತ್ತರ ಹೊಳೆಯದಿದ್ದರೆ ಪಕ್ಕದ ಬೆಂಚಿನ ನನ್ನನ್ನು ನೋಡುತ್ತಿದ್ದೆಯಲ್ಲ, ಹಾಗೆ. ನಾನು ತಲೆ ಬಗ್ಗಿಸಿ ಚೀಲದಲ್ಲಿ ಏನನ್ನೋ ಹುಡುಕಿದೆ. ಆಗಲೂ, ಆ ಹೊತ್ತಿನಲ್ಲೂ, ನನ್ನೊಳಗೆ ಯಾವುದೋ ಒಂದು ಮೂಲೆಗೆ ತಣ್ಣಗಾಯಿತು ಇಂದೂ. ಇದನ್ನು ಬರೆಯದಿದ್ದರೆ ಉಳಿದದ್ದೆಲ್ಲ ಬರೆದೂ ಪ್ರಯೋಜನವಿಲ್ಲ.

ಹುದ್ದೆ ಕೈತಪ್ಪಿತು. ಮನೆಗೆ ಬಂದು ನಾನು ಅತ್ತಾಗ ನೀನು ನನ್ನನ್ನೇ ಸಮಾಧಾನ ಮಾಡಿದೆ. ‘ನನ್ ಅಜಾಗರೂಕತೆಗೆ ನೀನ್ಯಾಕೇ ಅಳ್ತೀಯ? ನಿಂಗೆ ಪೂರ್ತಿ ಕಾಗದ ಕೊಡ್ಬೇಕಿತ್ತು ನಾನು, ತಪ್ಪು ನಂದೇ.’ ನನ್ನ ಹತ್ತಿರ ಕ್ಷಮೆ ಕೇಳಿದೆ ನೀನು! ನಾನು ಕೇಳಿಸಿಕೊಂಡೆ. ಕಣ್ಣೊರೆಸಿಕೊಂಡು, ಹೋಗ್ಲಿ ಬಿಡೇ ಅಂದೆ.

ಆಮೇಲೆ ನೀನು ಬರೆಯುವುದನ್ನೇ ಬಿಟ್ಟೆ. ವೀಸಾ ಉಳಿಯಲು ಒಂದು ಕೆಲಸ ಬೇಕಾಗಿತ್ತು, ನಾನೇ ನನ್ನ ಆಫೀಸಿಗೆ ಸೇರಿಸಿದೆ. ಎಲ್ಲರೂ ಎಂಥ ಗೆಳತಿ ಅಂದರು. ಈಗ ನನ್ನಿಂದ ಎರಡು ಮೇಜಿನಾಚೆ ಕೂತು ಗೋದಾಮಿನ ಕರಾರುಗಳನ್ನು ಹಿಂದಿನಿಂದ ಓದುತ್ತೀಯ, ಹೊಸಬರಿಗೆ ‘ಇದು ವತ್ಸಲಾ ನನಗೆ ಕಲಿಸಿದ್ದು’ ಅಂತ ಹೇಳಿಕೊಡುತ್ತೀಯ. ನಾನು ಅಂದುಕೊಂಡಿದ್ದೆ, ನೀನು ನನ್ನ ಪಕ್ಕಕ್ಕೆ ಬಂದು ಕೂತರೆ ಈ ಉರಿ ಆರುತ್ತದೆ ಅಂತ. ಆರಲಿಲ್ಲ. ಈ ಕೆಲಸವನ್ನೂ ನೀನು ನನಗಿಂತ ಚೆನ್ನಾಗಿ ಮಾಡುತ್ತೀಯ, ಅದಕ್ಕೂ ಹೊಟ್ಟೆ ಉರಿಯುತ್ತದೆ.

ಹೋದ ವಾರ ಅದೇ ಬೂದು ಸ್ವೆಟರಿನವರು ನಿನಗೆ ಪತ್ರ ಬರೆದರು. ಪರದೇಶದ ಸೈನ್ಯಕ್ಕೆ ಲೀಸಾದ ನೆಲಗಳ ಬಗ್ಗೆ ಪುಸ್ತಕ ಮಾಡುತ್ತಿದ್ದಾರೆ, ಆ ದ್ವೀಪದ ಅಧ್ಯಾಯ ನೀನೇ ಬರೆಯಬೇಕು, ಈ ತಿಂಗಳ ಕೊನೆಯೊಳಗೆ ಒಪ್ಪಿಗೆ ಬೇಕು ಅಂತ. ನೀನು ಅದನ್ನು ಊಟದ ಮೇಜಿನಲ್ಲಿ ಓದಿ ಹೇಳಿ ಮಡಚಿಟ್ಟೆ. ‘ನಾವಿಬ್ರೂ ನೋಡಿ, ಇಬ್ರಿಗೂ ಕಾಣ್ಲಿಲ್ಲ ಅಂದ್ರೆ, ಅದು ನನ್ನ ಕೈಲಾಗೋ ಕೆಲಸ ಅಲ್ಲ ವತ್ಸೀ’ ಅಂದೆ.

ಇಬ್ಬರಿಗೂ ಕಾಣಲಿಲ್ಲ ಅಂತ ಮೂರು ವರ್ಷ ನಂಬಿ ಕೂತಿದ್ದೀಯ. ಒಬ್ಬಳಿಗೆ ಕಂಡಿತ್ತು. ನೀನು ಮೋಸಹೋದದ್ದು ನಿನ್ನ ಬುದ್ಧಿಯಿಂದಲ್ಲ, ನನ್ನಿಂದ. ಆ ಬೂದು ಸ್ವೆಟರಿನವರಿಗೂ ಇದನ್ನೇ ಬರೆದು ಇವತ್ತು ಬೆಳಿಗ್ಗೆ ಕಳಿಸಿದ್ದೇನೆ, ನನ್ನ ಹೆಸರು ಹಾಕಿ. ಸಂಜೆ ಮುರಳಿಗೂ ಹೇಳುತ್ತೇನೆ. ಕ್ಷಮಿಸು ಅಂತ ಕೇಳುವುದಿಲ್ಲ, ಕೇಳಿದರೆ ನೀನು ಕ್ಷಮಿಸಿಬಿಡುತ್ತೀಯ.

ಕಾರು ಬಂತು. ತನ್ವಿ ಜೋರಾಗಿ ಏನೋ ಹೇಳುತ್ತಿದ್ದಾಳೆ, ನೀನು ನಗುತ್ತಿದ್ದೀಯ. ಈ ಕಾಗದವನ್ನು ನಿನ್ನ ಕೈಗೇ ಕೊಡುತ್ತೇನೆ. ಆ ಅಧ್ಯಾಯ ಒಪ್ಪಿಕೋ, ಇಂದೂ. ಬರಿ. ಬರೆದದ್ದನ್ನು ನನಗೆ ಓದಲು ಕೊಡಬೇಡ.